ದೇಯಕ್ಕನ ನೀರು-ಬೆಲ್ಲ

ಮೊನ್ನೆ ನನ್ನ ಪರದೆ ಅಂಗಡಿಗೆ ಇಬ್ಬರು ಮಾಟಗಾತಿಯರು ಒಟ್ಟಿಗೆ ಬಂದರು. ಗಾಬರಿಯಾಗಬೇಡಿ, ವಾಸನೆಯಾಗಿ ಬಂದರು.

ಅಲ್ ಐನಿನ ಒಂದು ಮನೆಯಿಂದ ಅಂಚು ಮಡಚಲು ಬಂದಿದ್ದ ಪರದೆಗಳ ಗಂಟು ಬಿಚ್ಚುತ್ತಿದ್ದೆ. ಅರಬರ ಮನೆಯ ಪರದೆ ಬುಖೂರಿನ, ಅಂದರೆ ಊದು ಹಾಕಿದ ಧೂಪದ, ಹೊಗೆ ಕುಡಿದು ಕುಡಿದು ಎಷ್ಟು ಒಗೆದರೂ ಆ ಪರಿಮಳವನ್ನು ಬಿಟ್ಟುಕೊಡುವುದಿಲ್ಲ. ಗಂಟು ಬಿಚ್ಚಿದ್ದೇ ತಡ, ಅದು ಅಂಗಡಿಯಿಡೀ ಹಬ್ಬಿತು. ಅದೇ ಹೊತ್ತಿಗೆ ಹೊಲಿಗೆ ಮೆಷಿನಿನ ಪಕ್ಕ ನನ್ನ ಊಟದ ಡಬ್ಬಿ ತೆರೆದಿತ್ತು. ಅದರಲ್ಲಿ ಒಣ ಸಿಗಡಿ ಚಟ್ನಿ. ಒಣ ಸಿಗಡಿಯ ವಾಸನೆಯನ್ನು ನಾನು ವರ್ಣಿಸಬೇಕಾಗಿಲ್ಲ. ಕರಾವಳಿಯವರಿಗೆ ಈಗಾಗಲೇ ಬಾಯಲ್ಲಿ ನೀರು ಬಂದಿರುತ್ತದೆ, ಉಳಿದವರು ಪುಟ ಮುಚ್ಚಲು ನೋಡುತ್ತಿರುತ್ತಾರೆ. ಮುಚ್ಚಬೇಡಿ. ಸ್ವಲ್ಪ ಹೊತ್ತಿನಲ್ಲಿ ಮೂಗು ಒಗ್ಗಿಕೊಳ್ಳುತ್ತದೆ.

ಊದಿನ ಪರಿಮಳದವಳು ಈ ಮರಳುನಾಡಿನ ಉಮ್ಮ್ ದುವೈಸ್. ಸಿಗಡಿಯವಳು ನಮ್ಮೂರಿನ ದೇಯಕ್ಕ. ಸಮುದ್ರದ ಆಚೆ ಈಚೆ ಇದ್ದ ಈ ಇಬ್ಬರನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದ್ದು ನನ್ನ ಮಗಳು ಶಿಫಾ. ಆ ಕಥೆಯನ್ನೇ ಹೇಳಲು ಹೊರಟಿದ್ದೇನೆ. ನಡುವೆ ಪರದೆಯ ವಿಷಯ ಬಂದರೆ ಸಹಿಸಿಕೊಳ್ಳಿ. ಇಷ್ಟು ವರ್ಷ ಅದನ್ನೇ ಮಾರಿ ಬದುಕಿದವಳು ನಾನು.

ಊರು ಬಿಟ್ಟು ಇಲ್ಲಿಗೆ ಬಂದ ಹೊಸತರಲ್ಲಿ ನಾವಿದ್ದದ್ದು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ. ನಮ್ಮ ಯಜಮಾನರು ಅಲ್ಲಿನ ಒಂದು ಪೀಠೋಪಕರಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಒಂದು ಫ್ಲ್ಯಾಟಿನಲ್ಲಿ ಮೂರು ಸಂಸಾರ. ಮೂರು ಸಂಸಾರದ ನಡುವೆ ಗೋಡೆ ಇಲ್ಲದಿದ್ದರೆ ಪರದೆ ಬೇಕಲ್ಲ? ನಾನೇ ಹೊಲಿದೆ. ಮೇಲಿನ ಮಹಡಿಯವರು ನೋಡಿ ತಮಗೂ ಬೇಕೆಂದರು. ಹಾಗೆ ಸುರುವಾದದ್ದು ಇವತ್ತು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಬೋರ್ಡು ಹಾಕಿದ ಅಂಗಡಿಯಾಗಿದೆ. ಬಟ್ಟೆ ಬಜಾರಿನ ಸಗಟು ವ್ಯಾಪಾರಿಗಳು ನಾನು ಬರುವುದನ್ನು ಕಂಡರೆ ಫೋನು ಕಿವಿಗಿಟ್ಟುಕೊಂಡು ಬಿಜಿಯಾಗುತ್ತಾರೆ. "ಇಷ್ಟು ಚೌಕಾಸಿ ಎಲ್ಲಿ ಕಲಿತದ್ದು ಮಾರಾಯ್ತಿ?" ಎಂದು ಊರಿನವರು ಕೇಳುತ್ತಾರೆ. "ಯಾರು ಕಲಿಸ್ತಾರೆ, ಸ್ವಂತ ಕಲಿತದ್ದು" ಎಂದು ಹೇಳುತ್ತಿದ್ದೆ. ಹೇಳುವಾಗ ಬೆನ್ನು ನೆಟ್ಟಗಾಗುತ್ತಿತ್ತು.

ಅದು ಸುಳ್ಳು. ನನ್ನ ಸುಳ್ಳುಗಳಲ್ಲಿ ಅದು ಸಣ್ಣದು. ದೊಡ್ಡದಕ್ಕೆ ಬರುತ್ತೇನೆ.

ನಮ್ಮದು ಹೊಳೆ ಸಮುದ್ರ ಸೇರುವಲ್ಲಿನ ಒಂದು ಓಣಿ. ಐದು ಮನೆ, ಐದರಲ್ಲೂ ಬ್ಯಾರಿ ಮುಸ್ಲಿಮರು, ಐದು ಮನೆಯ ಹೆಂಗಸರೂ ಬೀಡಿ ಕಟ್ಟುವವರು. ವಾರಕ್ಕೆ ಎರಡು ಸಲ ಓಣಿಗೆ ಒಣಮೀನು ಹೊತ್ತುಕೊಂಡು ದೇಯಕ್ಕ ಬರುತ್ತಿದ್ದಳು. ಹೊಳೆಯಾಚೆ ಒಬ್ಬಳೇ ಇರುವವಳು. ಗಂಡ ಇದ್ದನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ, ಕೇಳಿದರೆ "ನಿಮಗೆ ಬೇಕಿತ್ತಾ?" ಎನ್ನುತ್ತಿದ್ದಳು. ಸೊಂಟದಲ್ಲಿ ಒಣ ತೊರಕೆ ಮೀನು ಕತ್ತರಿಸುವ ಬಾಗಿದ ಸಣ್ಣ ಕತ್ತಿ. ಕಣ್ಣು ಸ್ವಲ್ಪ ಓರೆ. ಒಂದು ಕಣ್ಣು ನಿಮ್ಮನ್ನು ನೋಡುತ್ತಿದ್ದರೆ ಇನ್ನೊಂದು ಹಿತ್ತಿಲಿನ ಕೋಳಿಯನ್ನು ನೋಡುತ್ತಿತ್ತು.

ಆ ಓರೆಗಣ್ಣೇ ಅವಳ ಬಂಡವಾಳ. ದೇಯಕ್ಕನ ಕಣ್ಣು ಬಿದ್ದರೆ ದನದ ಹಾಲು ಬತ್ತುತ್ತದೆ, ಮಗು ರಚ್ಚೆ ಹಿಡಿಯುತ್ತದೆ, ಬಸಳೆ ಬಳ್ಳಿ ಬಾಡುತ್ತದೆ ಎಂದು ಊರಿಡೀ ಮಾತು. ಮಾಟಗಾತಿ ಎಂದು ಎದುರಿಗೆ ಯಾರೂ ಹೇಳುತ್ತಿರಲಿಲ್ಲ. ಅವಳೂ ಅಲ್ಲ ಎನ್ನುತ್ತಿರಲಿಲ್ಲ. ಯಾರಾದರೂ ಬೆಲೆ ತೀರ ಕಡಿಮೆ ಕೇಳಿದರೆ ಅವಳು ಜಗಳ ಆಡುತ್ತಿರಲಿಲ್ಲ. ಸುಮ್ಮನೆ ಹಿತ್ತಿಲ ಕಡೆ ತಿರುಗಿ, "ಕೋಳಿ ಮೊಟ್ಟೆ ಇಡ್ತದಾ?" ಎಂದು ಕೇಳುತ್ತಿದ್ದಳು. ಅಷ್ಟೇ. ಮನೆಯವಳು ದೇಯಕ್ಕ ಹೇಳಿದ ಬೆಲೆಗೇ ಸಿಗಡಿ ಕೊಂಡು ಕೋಳಿಯನ್ನು ಗೂಡಿಗೆ ಓಡಿಸುತ್ತಿದ್ದಳು.

ಅವಳಿಗೊಂದು ಕಟ್ಟುನಿಟ್ಟು ಇತ್ತು. ನಮ್ಮ ಕಡೆ ಯಾರು ಬಂದರೂ ಮೊದಲು ಕೊಡುವುದು ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ. ಮೀನಿನವಳಿಗೆ ಅದನ್ನು ಕೊಡುವ ಮರ್ಜಿ ಎಲ್ಲರಿಗೂ ಇರುವುದಿಲ್ಲ. ದೇಯಕ್ಕ ಬುಟ್ಟಿ ತಲೆಯ ಮೇಲಿಟ್ಟುಕೊಂಡೇ ಅಂಗಳದಲ್ಲಿ ನಿಲ್ಲುತ್ತಿದ್ದಳು. "ಎಂತ ಮೀನುಂಟು ಇವತ್ತು?" ಎಂದರೆ ಉತ್ತರ ಇಲ್ಲ. "ಬಾಯಾರಿಕೆ" ಎನ್ನುತ್ತಿದ್ದಳು. ನೀರು-ಬೆಲ್ಲ ಬಂದ ಮೇಲೆಯೇ ಬುಟ್ಟಿ ಕೆಳಗೆ.

ಇನ್ನು ನನ್ನ ಮಕ್ಕಳಿಗೆ ನಾನು ಚಿಕ್ಕಂದಿನಿಂದ ಹೇಳಿಕೊಂಡು ಬಂದ ಕಥೆ. ಕರೆಂಟಿನ, ಲಿಫ್ಟಿನ, ಏಸಿಯ ನಡುವೆ ಬೆಳೆದ ಮಕ್ಕಳಿಗೆ ಹೆದರಿಕೊಳ್ಳಲು ಏನಾದರೂ ಬೇಕಲ್ಲ ಎಂದು ಹೇಳಿದ್ದು. ನಾನು ಹತ್ತು ವರ್ಷದವಳಿದ್ದಾಗ ಮೂರು ಮನೆಯ ಬೀಡಿಗಳನ್ನು ಗೆರಸೆಯಲ್ಲಿ ಹರಡಿ ನಮ್ಮ ಅಂಗಳದ ಬಿಸಿಲಿಗಿಟ್ಟು, ನೋಡಿಕೋ ಎಂದು ನನ್ನನ್ನು ಕೂರಿಸಿ ಹೆಂಗಸರು ಮದುವೆ ಮನೆಗೆ ಹೋಗಿದ್ದರು. ಆಗ ದೇಯಕ್ಕ ಬಂದಳು. ಗೆರಸೆಯ ಎದುರು ನಿಂತಳು. "ಎಷ್ಟು ಚಂದ ಕಟ್ಟಿದ್ದಾರೆ!" ಎಂದಳು. ಅವಳ ಬೆನ್ನು ತಿರುಗಿದ್ದೇ ತಡ, ಎಲ್ಲಿಂದಲೋ ಒಂದು ಸುಳಿಗಾಳಿ ಎದ್ದು ಗೆರಸೆಯನ್ನು ಮಗುಚಿಹಾಕಿತು. ವಾರದ ಬೀಡಿಯೆಲ್ಲ ಮಣ್ಣುಪಾಲು. ಅದೇ ದಿನ ಪಕ್ಕದ ಮನೆಯ ಬೀಫಾತುಮ್ಮನ ಆಡು ಕಣ್ಣು ಮೇಲೆ ಮಾಡಿ ಬಿದ್ದುಕೊಂಡಿತು! ಚಿಕ್ಕವಳಿದ್ದಾಗ ಶಿಫಾ, ಕಥೆ ಇಲ್ಲಿಗೆ ಬಂದದ್ದೇ ನನ್ನ ಮಡಿಲಿಗೆ ಹಾರುತ್ತಿದ್ದಳು. ಒಳ್ಳೆಯ ಕಥೆ. ನನಗೇ ಇಷ್ಟ.

ಅದರಲ್ಲಿ ಗೆರಸೆ ನಿಜ, ಮಣ್ಣುಪಾಲಾದ ಬೀಡಿ ನಿಜ, ಆಡು ಬಿದ್ದದ್ದೂ ನಿಜ. ದೇಯಕ್ಕ ನಿಂತದ್ದು, ಹೊಗಳಿದ್ದು, ಸುಳಿಗಾಳಿ ಎದ್ದದ್ದು ನನ್ನ ಬಾಯಿಯ ಕೆಲಸ. ಹೆಂಗಸರು ಅತ್ತ ಹೋದದ್ದೇ ನಾನು ಇತ್ತ ಹೊಳೆಗೆ ಮರುವಾಯಿ ಚಿಪ್ಪು ಹೆಕ್ಕಲು ಓಡಿದ್ದೆ. ತಿರುಗಿ ಬಂದಾಗ ಗೆರಸೆ ಮಗುಚಿತ್ತು. ಯಾರು ಮಾಡಿದ್ದೋ ಆಗ ನನಗೂ ಗೊತ್ತಿರಲಿಲ್ಲ. ನನ್ನ ತಾಯಿ, ಉಮ್ಮನ ಕೈಯಲ್ಲಿ ಹುಣಸೆಯ ಅಡರು ಕಂಡಾಗ ಬಾಯಿಗೆ ಬಂದ ಹೆಸರು ದೇಯಕ್ಕನದು. ನಮ್ಮಲ್ಲಿ ಹೊಗಳುವುದೇ ಕಣ್ಣು ಹಾಕುವುದು. "ಎಷ್ಟು ಚಂದ" ಎಂದಳು ಎಂದು ಸೇರಿಸಿದೆ ನೋಡಿ, ಸಾಕ್ಷಿಯೇ ಬೇಕಾಗಲಿಲ್ಲ. ಹತ್ತು ವರ್ಷದ ಹುಡುಗಿಗೆ ಮಾರುವ ಕಲೆ ಆಗಲೇ ಬಂದಿತ್ತು.

ಮುಂದಿನ ಸಲ ದೇಯಕ್ಕ ಬಂದಾಗ ಐದು ಮನೆಯ ಬಾಗಿಲೂ ಮುಚ್ಚಿದ್ದವು. ಮೊದಲನೇ ಅಂಗಳದಲ್ಲಿ ನಿಂತು "ಬಾಯಾರಿಕೆ" ಎಂದದ್ದು ಕೇಳಿಸಿತು. ಆಮೇಲೆ ಎರಡನೆಯದರಲ್ಲಿ. ನಮ್ಮದು ಕೊನೆಯ ಮನೆ. ಬೀಡಿ ಎಲೆಯ ಗೋಣಿಯ ಹಿಂದೆ ಕೂತು ಕಿಟಕಿಯ ಸಂದಿನಿಂದ ನೋಡಿದೆ. ಬುಟ್ಟಿ ಇಳಿಸದೆ ಮುಚ್ಚಿದ ಬಾಗಿಲಿಗೆ ಅವಳು "ಬಾಯಾರಿಕೆ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಎಂದಳು. ಉಮ್ಮ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ನೋಡಿದರು. ದೇಯಕ್ಕ ಹೊರಟುಹೋದಳು. ಆ ಓಣಿಗೆ ಮತ್ತೆ ಬರಲಿಲ್ಲ.

ನನ್ನ ಪುಣ್ಯಕ್ಕೋ ಪಾಪಕ್ಕೋ, ಅವಳು ಬುಟ್ಟಿ ಹಾಕಿದ್ದು ನಮ್ಮ ಶಾಲೆಯ ಎದುರಿನ ಬಸ್‌ಸ್ಟ್ಯಾಂಡಿನಲ್ಲಿ. ಒಂದು ವಾರ ತಲೆ ತಪ್ಪಿಸಿ ನಡೆದೆ. ಎಂಟನೆಯ ದಿನ ಕರೆದಳು.

"ಏ ಮಗಾ, ಬಾ ಇಲ್ಲಿ. ನಾನು ನಿಮ್ಮ ಬೀಡಿ ನೋಡಿದ್ದೇನಾ?"

ಇಲ್ಲ ಎಂದು ತಲೆಯಾಡಿಸಿದೆ.

"ಅದೇ. ನಾನು ಆ ದಿನ ನೋಡಿದ್ದು ನಿನ್ನನ್ನು, ಹೊಳೆಯಲ್ಲಿ. ನೀನು ಸೊಂಟದವರೆಗೆ ನೀರಲ್ಲಿ ಚಂಡಿಯಾಗಿದ್ದಿ."

"ಮತ್ತೆ ಯಾಕೆ ಹೇಳ್ಲಿಲ್ಲ ಉಮ್ಮನ ಹತ್ರ?"

"ನಾನು ಹೇಳಿದ್ರೆ ನಂಬುವವರು ಯಾರು? ನೀನು ಹೇಳಿದ್ರೆ ನಂಬ್ತಾರೆ. ಆ ಓಣಿಯ ಹೆಂಗಸರ ಎದುರು ಹೇಳ್ಬೇಕು, ಹಾಂ? ಯಾವಾಗ ಹೇಳ್ತೀ?"

"ನಾಳೆ."

"ಆಯ್ತು, ನಾಳೆ" ಎಂದಳು, ಒಳ್ಳೆಯ ಗಿರಾಕಿಯ ಮಾತು ನಂಬಿದವಳ ಹಾಗೆ. ಕೆಲವು ಊರಲ್ಲಿ ಮಾಟಗಾತಿ ಬಾರದಿರಲಿ ಎಂದು ಬಾಗಿಲ ಮೇಲೆ ನಾಳೆ ಬಾ ಎಂದು ಬರೆಯುತ್ತಾರಲ್ಲ, ನಾನು ಅದನ್ನು ಬಾಯಲ್ಲೇ ಹೇಳಿ ಮುಗಿಸಿದೆ.

ಆಮೇಲೆ ನಾಲ್ಕೈದು ವರ್ಷ, ಮದುವೆ ನಿಶ್ಚಯವಾಗುವವರೆಗೂ, ಸಂಜೆ ಬಸ್ಸು ಬರುವ ತನಕ ಅವಳ ಬುಟ್ಟಿಯ ಪಕ್ಕ ಕೂರುತ್ತಿದ್ದೆ. ನನಗೆ ಬಂದದ್ದೆಲ್ಲ ಅಲ್ಲಿ ಬಂದದ್ದು. ಗಿರಾಕಿ ಕೈಯಲ್ಲಿ ಮುಟ್ಟಿದ ಮೇಲೆಯೇ ಬೆಲೆ ಹೇಳಬೇಕು. ಬೆಲೆ ಹೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳಬೇಕು, ಮೊದಲು ಮಾತಾಡಿದವರು ಸೋತರು. ಹೊರಟುಹೋಗುವ ಗಿರಾಕಿಯನ್ನು ಅವನು ಬಸ್ಸಿನ ಮೆಟ್ಟಿಲು ಹತ್ತುವ ತನಕ ವಾಪಸು ಕರೆಯಬಾರದು. ಇವು ಊರಿನ ಸಿಗಡಿಗೂ ನಡೆಯುತ್ತವೆ, ಅಬುಧಾಬಿಯ ಬಿಸಿಲು ತಡೆಯುವ ಬ್ಲ್ಯಾಕ್‌ಔಟ್ ಬಟ್ಟೆಗೂ ನಡೆಯುತ್ತವೆ, ನೀವು ಬರೆದಿಟ್ಟುಕೊಳ್ಳಬಹುದು. ನೀರು ಯಾಕೆ ಮೊದಲು ಕೇಳುವುದು ಎಂದು ಒಮ್ಮೆ ಕೇಳಿದೆ. "ಕೈಯಾರೆ ನೀರು ಕೊಟ್ಟವರಿಗೆ ಮತ್ತೆ ನಮ್ಮನ್ನು ಬೈಲಿಕ್ಕೆ ಬಾಯಿ ಬರುದಿಲ್ಲ ಮಗಾ" ಎಂದಳು. ಸ್ವಲ್ಪ ತಡೆದು, "ಮತ್ತೆ ಬಾಯಾರಿಕೆ ಸಹ ಆಗ್ತದೆ" ಎಂದಳು.

ಓಣಿ ತಪ್ಪಿದ್ದರಿಂದ ಅವಳ ವ್ಯಾಪಾರಕ್ಕೇನೂ ತೊಂದರೆಯಾಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಗಿರಾಕಿ ಜಾಸ್ತಿಯೇ. ಆದರೆ ತಿಂಗಳಿಗೊಮ್ಮೆ ಕೇಳುತ್ತಿದ್ದಳು, "ನಾಳೆ ಆಯ್ತಾ?" ನಾನು ನಗುತ್ತಿದ್ದೆ. ಅವಳೂ ನಗುತ್ತಿದ್ದಳು. ನಾನು ಇಲ್ಲಿಗೆ ಬಂದು ಮೂರು ವರ್ಷಕ್ಕೆ ದೇಯಕ್ಕ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು, ಯಾರದೋ ಗೃಹಪ್ರವೇಶದ ಸುದ್ದಿಯ ಬಾಲವಾಗಿ.

ಶಿಫಾ ಈಗ ಇಲ್ಲಿನ ಕಾಲೇಜಿನಲ್ಲಿ ಚಿತ್ರಕಲೆ ಓದುತ್ತಾಳೆ. ಚಿತ್ರಕಲೆ ಎಂದು ನಾನು ಹೇಳುವುದು. ಅವಳು ಬ್ರಷ್ ಹಿಡಿದದ್ದನ್ನು ನೋಡಿದ ನೆನಪಿಲ್ಲ. ತಂತಿ, ಬಲೆ, ಹಳೆಯ ಡಬ್ಬಿ, ನನ್ನ ಅಂಗಡಿಯ ತುಂಡು ಬಟ್ಟೆ ಇವೇ ಅವಳ ಬಣ್ಣ. ಹೋದ ಚಳಿಗಾಲದಲ್ಲಿ ಅವಳೂ ಅವಳ ಸಹಪಾಠಿ ಮರ್ಯಮ್ ಎಂಬ ಎಮಿರಾತಿ ಹುಡುಗಿಯೂ ಸೇರಿ ಒಂದು ಪ್ರದರ್ಶನ ಮಾಡುವುದೆಂದು ಹೊರಟರು. ವಿಷಯ: ಮಾಟಗಾತಿಯರು.

"ಫೀಸು ಕಟ್ಟಿ ಕಲೀಲಿಕ್ಕೆ ಬೇರೆ ಎಂತದ್ದೂ ಸಿಗ್ಲಿಲ್ವಾ?" ಎಂದೆ.

"ಉಮ್ಮ, ಪ್ಲೀಸ್. ಇವರು ವಿಚ್ಚಸ್ ಅಲ್ಲ. ಒಂಟಿಯಾಗಿ ನಡೆದ ಹೆಂಗಸರು. ಕಥೆ ಹೇಳಿದವರು ಅವರನ್ನು ಹೀಗೆ ಮಾಡಿದ್ದು."

ಕಥೆ ಹೇಳಿದವರು ಎಂಬಲ್ಲಿ ನನಗೊಂದು ಸೂಜಿ ಚುಚ್ಚಿತು. ಹೊಲಿಗೆಯವಳಲ್ಲವೇ, ಅಭ್ಯಾಸ ಉಂಟು; ಮುಖ ಹಾಗೇ ಇಟ್ಟುಕೊಂಡೆ.

ಉಮ್ಮ್ ದುವೈಸ್ ಕಥೆ ಕೇಳಲು ಮೂವರೂ ಅಲ್ ಐನಿಗೆ, ಮರ್ಯಮಳ ಅಜ್ಜಿ ಉಮ್ಮ್ ಸಯೀದ್ ಅವರ ಮನೆಗೆ ಹೋದೆವು. ಕಥೆ ಕೇಳಲು ಹೋದರೂ ನಾನು ಅಳತೆ ಟೇಪು ಬ್ಯಾಗಿನಲ್ಲಿಟ್ಟುಕೊಂಡಿದ್ದೆ. ನೀವೂ ಹಾಗೇ ಮಾಡಿ, ಎಲ್ಲಿ ಕಿಟಕಿ ಸಿಗುತ್ತದೆ ಹೇಳಲಾಗುವುದಿಲ್ಲ. ಖರ್ಜೂರ ಬಂತು, ಗಹ್ವಾ ಎಂಬ ಅರಬಿ ಕಾಫಿ ಬಂತು. ಅದಾಗದೆ ಅಜ್ಜಿ ಒಂದು ಮಾತೂ ಸುರು ಮಾಡಲಿಲ್ಲ. ಖರ್ಜೂರ ಬಾಯಿಗಿಡುವಾಗ ನನಗೆ ದೇಯಕ್ಕನ ಬುಟ್ಟಿ ನೆನಪಾಯಿತು.

ಅಜ್ಜಿ ಅರ್ಧ ಅರಬಿ ಅರ್ಧ ಹಿಂದಿಯಲ್ಲಿ, ಎರಡೂ ಕೈಯಾಡಿಸುತ್ತ ಹೇಳಿದರು. ಮೊದಲು ಪರಿಮಳ ಬರುತ್ತದೆ. ಆಮೇಲೆ ಬಳೆಯ ಸದ್ದು. ನೋಡಿದರೆ ಅಪ್ಸರೆಯಂಥ ಹೆಣ್ಣು. ಗಂಡಸು ಹಿಂದೆ ಹೋಗುತ್ತಾನೆ. ಅವಳು ತಿರುಗುತ್ತಾಳೆ. ಕಣ್ಣು ಬೆಕ್ಕಿನದು, ಕಾಲು ಕತ್ತೆಯದು, ಕೈಯಲ್ಲಿ ಕುಡುಗೋಲು. "ಖಲಾಸ್!" ಎಂದು ಅಜ್ಜಿ ಅಂಗೈಯಿಂದ ಗಾಳಿ ಕತ್ತರಿಸಿದರು.

ನಾನು ವ್ಯಾಪಾರಿ, ಯಾವ ಮಾಲು ಕಂಡರೂ ಇದು ಎಲ್ಲಿ ತಯಾರಾದದ್ದು ಎಂದು ಕೇಳುತ್ತೇನೆ. "ಈ ಕಥೆ ಮೊದಲು ಹೇಳಿದ್ದು ಗಂಡಸಾ, ಹೆಂಗಸಾ?"

ಉಮ್ಮ್ ಸಯೀದ್ ನನ್ನನ್ನೇ ನೋಡಿದರು. ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕರು. "ನೀನು ಬುದ್ಧಿವಂತೆ ತಂಗೀ. ನನ್ನ ಅಜ್ಜಿ ಇದನ್ನು ಮಕ್ಕಳಿಗೋಸ್ಕರ ಹೇಳುತ್ತಿರಲಿಲ್ಲ. ಅಜ್ಜ ಒಂಟೆ ಕಟ್ಟಿಕೊಂಡು ದೂರ ಹೊರಡುವ ದಿನ, ಅಜ್ಜನಿಗೆ ಕೇಳುವ ಹಾಗೆ ಮಕ್ಕಳಿಗೆ ಹೇಳುತ್ತಿದ್ದಳು."

ನಾನೂ ಬಿದ್ದು ಬಿದ್ದು ನಕ್ಕೆ. ಹೆಂಗಸರು ತಯಾರಿಸಿದ ಕಾವಲುಗಾರ್ತಿ, ಸಂಬಳವೂ ಬೇಡ! ಹುಡುಗಿಯರು ಬರೆದುಕೊಂಡದ್ದೇ ಬರೆದುಕೊಂಡದ್ದು. ಬರುವಾಗ ಏಳು ಕಿಟಕಿಯ ಆರ್ಡರೂ ಕೈಯಲ್ಲಿತ್ತು.

ಆದರೆ ಕಾರಿನಲ್ಲಿ ಬರುವಾಗ ಇಬ್ಬರನ್ನೂ ಮನಸ್ಸಿನಲ್ಲೇ ತೂಗಿ ನೋಡಿದೆ. ಅವರ ಮಾಟಗಾತಿ ಯಾರೂ ನೋಡದವಳು, ಯಾರ ಅಂಗಳದಲ್ಲೂ ನೀರು ಕೇಳದವಳು. ನಮ್ಮವಳಿಗೆ ಹೆಸರಿತ್ತು, ಬಾಯಾರಿಕೆಯಿತ್ತು.

ವಾರ ಕಳೆದು ಶಿಫಾ ಲ್ಯಾಪ್‌ಟಾಪ್ ತಂದು ಅಂಗಡಿಯ ಮೇಜಿನ ಮೇಲಿಟ್ಟಳು. ಅದರಲ್ಲಿ ಪ್ರದರ್ಶನದ ನಕ್ಷೆ: ಪರದೆ ಬಟ್ಟೆಯ, ಎರಡಾಳೆತ್ತರದ ಇಬ್ಬರು ಹೆಂಗಸರು. ಒಬ್ಬಳು ಚಿನ್ನದ ಬಣ್ಣದವಳು. ಇನ್ನೊಬ್ಬಳು ಬಿಳಿ ಬಟ್ಟೆ ಸುತ್ತಿಕೊಂಡು ತಲೆ ತಗ್ಗಿಸಿ ಅಳುತ್ತಿದ್ದಳು.

"ಇದು ಯಾರು?"

"ದೇಯಕ್ಕ."

"ದೇಯಕ್ಕ ಅಳುವವಳಲ್ಲ, ಅಳಿಸುವವಳು. ಮತ್ತೆ ಬುಟ್ಟಿ ಹೊತ್ತವಳು ತಲೆ ತಗ್ಗಿಸುವುದುಂಟಾ? ಮೀನೆಲ್ಲ ನೆಲಕ್ಕೆ ಬೀಳುದಿಲ್ವಾ?"

ಶಿಫಾ ಚಿತ್ರವನ್ನೂ ನನ್ನನ್ನೂ ನೋಡಿದಳು. "ಓಕೆ. ಗುಡ್ ಪಾಯಿಂಟ್. ಅದಕ್ಕೇ ಉಮ್ಮ, ಆ ಬೀಡಿ ಕಥೆ ನೀವೇ ಹೇಳಿ. ರೆಕಾರ್ಡ್ ಮಾಡ್ತೇನೆ. ಪರದೆಯ ಒಳಗಿನಿಂದ ನಿಮ್ಮ ವಾಯ್ಸ್ ಬರ್ಬೇಕು."

"ಬೇರೆ ಯಾರ ಹತ್ರಾದ್ರೂ ಹೇಳಿಸು."

"ನೋ."

"ಸರಿ. ಆದರೆ ಅವಳ ಹೆಸರು ಬೇಡ."

"ಹೆಸರು ಬೇಕು ಉಮ್ಮ. ಹೆಸರೇ ಪಾಯಿಂಟ್."

"ಹೆಸರು ಇರ್ಲಿ, ಬೀಡಿಯ ಭಾಗ ಬಿಡುವ."

"ಬೀಡಿಯೇ ಸ್ಟೋರಿ!"

"ನೋಡು, ನಿಮ್ಮ ಪ್ರದರ್ಶನಕ್ಕೆ ಬೇಕಾದ ಬಟ್ಟೆಯೆಲ್ಲ ನಾನು ಪುಕ್ಕಟೆ ಕೊಡ್ತೇನೆ."

ಶಿಫಾ ಲ್ಯಾಪ್‌ಟಾಪ್ ಮುಚ್ಚಿದಳು. "ಉಮ್ಮ, ಎಂತ ಆಯ್ತು? ಪುಕ್ಕಟೆ ಅಂತ ನೀವು ಹುಟ್ಟಿದ ಮೇಲೆ ಹೇಳಿದವರಲ್ಲ."

ಅಲ್ಲಿ ಸಿಕ್ಕಿಬಿದ್ದೆ. ನಿಮಗೊಂದು ಬುದ್ಧಿಮಾತು: ಮಕ್ಕಳ ಎದುರು ಸ್ವಭಾವಕ್ಕೆ ವಿರುದ್ಧವಾಗಿ ಧಾರಾಳಿಯಾಗಬೇಡಿ. ಮೇಜಿನ ಮೇಲಿನ ಟೇಪನ್ನು ಸುತ್ತುತ್ತ ಬಿಚ್ಚುತ್ತ ಹೊಳೆ, ಮರುವಾಯಿ, ಮುಚ್ಚಿದ ಬಾಗಿಲು, ಬಸ್‌ಸ್ಟ್ಯಾಂಡು ಎಲ್ಲ ಹೇಳಿದೆ. ಬೈದರೆ ಬೈಯಲಿ ಎಂದು ಕಾದೆ.

"ಅವರು ಯಾರ ಎದುರು ಹೇಳ್ಲಿಕ್ಕೆ ಹೇಳಿದ್ದು?" ಎಂದು ಕೇಳಿದಳು.

"ಓಣಿಯ ಹೆಂಗಸರ ಎದುರು."

"ಅವರಲ್ಲಿ ಈಗ ಯಾರಿದ್ದಾರೆ?"

ಆಡಿನ ಬೀಫಾತುಮ್ಮ ಒಬ್ಬರೇ. ದುಬೈಯಲ್ಲಿ ಮಗನ ಮನೆಯಲ್ಲಿದ್ದರು. ಮಂಡಿ ನೋವು ಬಿಟ್ಟರೆ ಎಲ್ಲವೂ ಗಟ್ಟಿ, ಬಾಯಿಯಂತೂ ಕೇಳುವುದೇ ಬೇಡ. ಅವರ ಎದುರು ಹೇಳುವುದೆಂದರೆ ಊರಿನ ಎಲ್ಲ ವಾಟ್ಸ್‌ಆ್ಯಪ್ ಗುಂಪಿನ ಎದುರು ಹೇಳಿದ ಹಾಗೆ. ಸತ್ಯಸಂಧೆ, ನೇರ ಮಾತಿನವಳು ಎಂದು ನಾನು ಇಷ್ಟು ವರ್ಷ ಕಟ್ಟಿಕೊಂಡ ಹೆಸರು!

"ಅವರಿಗೆ ಹುಷಾರಿಲ್ಲ ಕಾಣ್ತದೆ. ಸ್ವಲ್ಪ ಕಳೀಲಿ, ನೋಡುವ."

"ನಾಳೆಯಾ ಉಮ್ಮ?" ಎಂದಳು ಶಿಫಾ.

ಆ ಸ್ವರದಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಜಗಳ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಅಂಗಡಿಯ ಬಾಗಿಲಿಗೆ ಚಿಲಕ ಹಾಕಿ ಬಂದು, ಮೈಕು ಆನ್ ಮಾಡು ಎಂದೆ.

ಪ್ರದರ್ಶನ ಇದ್ದದ್ದು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಖಾಲಿ ಗೋದಾಮಿನಲ್ಲಿ, ನಾವು ಮೂರು ಸಂಸಾರ ಒಂದು ಫ್ಲ್ಯಾಟಿನಲ್ಲಿದ್ದ ಬೀದಿಯಿಂದ ಎರಡೇ ಬೀದಿ ದೂರ. ಶನಿವಾರ ಮಧ್ಯಾಹ್ನ. ಬಾಗಿಲಲ್ಲಿ ಒಂದು ಮೇಜು. ಅದರ ಮೇಲೆ ಮಣ್ಣಿನ ಹೂಜಿಯಲ್ಲಿ ನೀರು, ಒಂದು ತಟ್ಟೆಯಲ್ಲಿ ಖರ್ಜೂರ, ಇನ್ನೊಂದರಲ್ಲಿ ಬೆಲ್ಲ. ಒಳಗೆ ಎಡಕ್ಕೆ ಉಮ್ಮ್ ದುವೈಸ್, ಚಿನ್ನದ ಬಟ್ಟೆಯಲ್ಲಿ ಊದು ಹೊಗೆಯಾಡುತ್ತ, ರೆಕಾರ್ಡ್ ಮಾಡಿದ ಉಮ್ಮ್ ಸಯೀದ್ ಅವರ ನಗು ಅದರೊಳಗಿನಿಂದ ಬರುತ್ತಿತ್ತು. ಬಲಕ್ಕೆ ಮೀನಿನ ಬಲೆ ಮತ್ತು ಕಂದು ಬಟ್ಟೆಯ ದೇಯಕ್ಕ. ಬೆನ್ನು ನೆಟ್ಟಗೆ, ಕತ್ತು ನೆಟ್ಟಗೆ. ತಲೆಯ ಮೇಲೆ ನಿಜವಾದ ಬೆತ್ತದ ಬುಟ್ಟಿ, ಗಾಳದ ಹಗ್ಗದಲ್ಲಿ ಛಾವಣಿಯಿಂದ ತೂಗು ಹಾಕಿದ್ದು. ಅದರ ತುಂಬ ಒಣ ಸಿಗಡಿ. ಒಂದು ಕಣ್ಣು ನಿಮ್ಮ ಕಡೆ, ಇನ್ನೊಂದು ಬಾಗಿಲ ಕಡೆ. ಹುಡುಗಿ ಬ್ರಷ್ ಹಿಡಿಯದಿದ್ದರೂ ಏನೋ ಕಲಿತಿದ್ದಾಳೆ.

ನಾನೇ ಫೋನು ಮಾಡಿ ಕರೆದಿದ್ದ ಬೀಫಾತುಮ್ಮ ಮಗನ ಕೈ ಹಿಡಿದು, ಕೋಲೂರಿಕೊಂಡು ಬಂದರು. "ಎಂತದು ಇದು, ಮಸಾಲೆ ಅಂಗಡಿಯಾ?" ಎಂದು ಮೂಗೆತ್ತಿದರು. ಬಲೆಯ ಹತ್ತಿರ ಕುರ್ಚಿ ಹಾಕಿ ಕೂರಿಸಿದೆವು. ನನ್ನ ಸ್ವರ ಸುರುವಾಯಿತು. ಸ್ವಂತ ಸ್ವರವನ್ನು ಪರರ ಹಾಗೆ ಕೇಳುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನಾನು ಗೋಡೆಗೊರಗಿ ನಿಂತು ಅವರ ಮುಖವನ್ನೇ ನೋಡುತ್ತಿದ್ದೆ. ಗೆರಸೆ ಬಂತು, ಹೊಳೆ ಬಂತು, ಸುಳ್ಳು ಬಂತು. "ದೇಯಕ್ಕ ನಮ್ಮ ಬೀಡಿ ನೋಡಲೇ ಇಲ್ಲ" ಎಂದು ನನ್ನ ಸ್ವರ ಹೇಳಿತು. ಬೀಫಾತುಮ್ಮ ಕೋಲನ್ನು ನೆಲಕ್ಕೆ ಕುಟ್ಟಿದರು.

"ಗೊತ್ತಿತ್ತು ನನಗೆ."

"ಎಂತ ಗೊತ್ತಿತ್ತು?"

"ಸುಳಿಗಾಳಿಯೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ನಿಮ್ಮ ಬೀಡಿ ತಿಂದದ್ದು ನನ್ನ ಆಡು. ಅಷ್ಟು ಹೊಗೆಸೊಪ್ಪು ತಿಂದ್ರೆ ಆಡು ಕಣ್ಣು ಮೇಲೆ ಮಾಡದೆ ಇನ್ನೆಂತ ಮಾಡ್ತದೆ? ಮದುವೆ ಮನೆಯಿಂದ ಎಲ್ಲರಿಗಿಂತ ಮೊದಲು ಬಂದವಳು ನಾನು. ಅದರ ಬಾಯಲ್ಲಿ ಬೀಡಿಯ ಕೆಂಪು ನೂಲು ಜೋತುಕೊಂಡಿತ್ತು. ಸೆರಗಿನಿಂದ ಒರಸಿ ತೆಗೆದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮೂರು ಮನೆಯ ಬೀಡಿ ಪುನಃ ಕಟ್ಟಿ ಕೊಡುವವಳು ಯಾರು, ನೀನಾ? ನೀನು ದೇಯಕ್ಕನ ಹೆಸರು ಹೇಳಿದ ಕೂಡ್ಲೇ ನನಗೆ ಜೀವ ಬಂತು." ಅವರು ಸ್ವರ ತಗ್ಗಿಸಿದರು. "ಉಳಿದವರೂ ಅಷ್ಟೇ. ಯಾರೂ ಪೂರ್ತಿ ನಂಬಿರ್ಲಿಲ್ಲ. ಅವಳು ಬೆಲೆ ಇಳಿಸ್ತಿರ್ಲಿಲ್ಲವಲ್ಲ. ಅವಳು ತಪ್ಪಿದ್ರೆ ಬೇರೆ ಮೀನಿನವಳು ಬರ್ತಾಳೆ ಅಂತ ಎಲ್ಲರಿಗೂ ಒಳಗೊಳಗೇ ಇತ್ತು."

"ಬಂದಳಾ?"

"ಬಂದಳು. ಅವಳ ಸಿಗಡಿಯಲ್ಲಿ ಅರ್ಧ ಮರಳು."

ನಾವಿಬ್ಬರೂ ನಕ್ಕೆವು. ನಗುತ್ತ ನಗುತ್ತ ಬೀಫಾತುಮ್ಮ ಕಣ್ಣೊರಸಿಕೊಂಡರು. ಇಷ್ಟು ವರ್ಷ ನಾನೊಬ್ಬಳೇ ಕಳ್ಳಿ ಎಂದುಕೊಂಡಿದ್ದೆ. ಪಕ್ಕದ ಮನೆಯಲ್ಲೇ ಪಾಲುದಾರಳಿದ್ದಳು. ಹಗುರಾಯಿತು ಎಂದರೆ ಸುಳ್ಳಾದೀತು. ಮಾಟಗಾತಿಯನ್ನು ತಯಾರಿಸಲು ಯಾವ ಮಂತ್ರವೂ ಬೇಡ, ಐದು ಮನೆಗೆ ಒಂದೊಂದು ಸಣ್ಣ ಲಾಭ ಇದ್ದರೆ ಸಾಕು ಎಂದು ಅವತ್ತು ಆ ಗೋದಾಮಿನಲ್ಲಿ ನಿಂತು ತಿಳಿಯಿತು.

ಆಮೇಲೆ ಬೀಫಾತುಮ್ಮ ಮಗನ ಕೈಯನ್ನು ದೂಡಿ ತಾವೇ ಎದ್ದರು. ಬಾಗಿಲ ಮೇಜಿನ ತನಕ ಕೋಲೂರಿಕೊಂಡು ಹೋಗಿ ಒಂದು ಲೋಟ ನೀರು, ಒಂದು ತುಂಡು ಬೆಲ್ಲ ತಂದರು. ಕೋಲೂರಿ ಬರುವಾಗ ನೀರು ನೆಲಕ್ಕೆಲ್ಲ ಚೆಲ್ಲಿತು. ದೇಯಕ್ಕನ ಕಾಲ ಬುಡದಲ್ಲಿ ಎರಡನ್ನೂ ಇಟ್ಟು, ತಲೆ ಮೇಲೆತ್ತಿ ಹೇಳಿದರು:

"ತಗೊಳ್ಳಿ ದೇಯಕ್ಕ. ತಡ ಆಯ್ತು. ಇನ್ನು ಬುಟ್ಟಿ ಇಳಿಸಿ."

ಶಿಫಾ ಗೋಡೆಯ ಬಳಿಗೆ ಓಡಿದಳು. ಕೊಕ್ಕೆಗೆ ಸುತ್ತಿದ್ದ ಗಾಳದ ಹಗ್ಗವನ್ನು ಬಿಚ್ಚಿ, ಮೊದಲು ಒಂದಿಷ್ಟು ಎಳೆದು, ಆಮೇಲೆ ಮೆಲ್ಲ ಮೆಲ್ಲ ಸಡಿಲಿಸಿದಳು. ಬುಟ್ಟಿ ತಲೆಯಿಂದ ಎದ್ದು, ಸ್ವಲ್ಪ ಓಲಾಡಿ ಮುಂದಕ್ಕೆ ಸರಿದು, ನೀರಿನ ಲೋಟದ ಪಕ್ಕ ನೆಲಕ್ಕೆ ಕುಳಿತಿತು.

ನಾಲ್ಕು ದಿನ ಪ್ರದರ್ಶನವಿತ್ತು. ಉಳಿದ ದಿನಗಳಲ್ಲಿ ಹುಡುಗಿಯರು ಅದನ್ನೇ ನಿಯಮ ಮಾಡಿದರು. ಬೆಳಿಗ್ಗೆ ಬುಟ್ಟಿ ಮೇಲೇರುತ್ತಿತ್ತು. ಯಾರಾದರೂ ನೀರು-ಬೆಲ್ಲ ತಂದಿಟ್ಟರೆ ಕೆಳಗಿಳಿಯುತ್ತಿತ್ತು. ಅರಬಿ ಹೆಂಗಸರು ಖರ್ಜೂರ ಇಟ್ಟರು. ಅದೂ ನಡೆಯುತ್ತದೆ ಎಂದು ನಾನು ಒಪ್ಪಿಗೆ ಕೊಟ್ಟೆ. ದೇಯಕ್ಕ ಸಿಹಿಯಲ್ಲಿ ಭೇದ ಮಾಡುವವಳಲ್ಲ.

ಹಾಗೆ, ಮೊನ್ನೆ ಉಮ್ಮ್ ಸಯೀದ್ ಅವರ ಮನೆಯ ಪರದೆಯ ಗಂಟೂ ನನ್ನ ಡಬ್ಬಿಯೂ ಒಟ್ಟಿಗೆ ಬಾಯಿ ತೆರೆದಿದ್ದಾಗ ಒಬ್ಬಳು ಗಿರಾಕಿ ಬಂದಳು. ಉಡುಪಿ ಕಡೆಯ ನರ್ಸು, ಹೊಸ ಫ್ಲ್ಯಾಟಿಗೆ ಪರದೆ ಬೇಕಂತೆ. ಬಟ್ಟೆ ಮುಟ್ಟಿ ನೋಡಿದಳು. ಬೆಲೆ ಹೇಳಿ ಬಾಯಿ ಮುಚ್ಚಿಕೊಂಡೆ.

"ಎಂತ ಮಾರಾಯ್ರೆ, ಮನುಷ್ಯರು ಹೇಳುವ ರೇಟಾ ಇದು? ಮಾಟಗಾತಿಯೇ ನೀವು!"

ಮೊದಲಾದರೆ ಎರಡು ಮಾತು ಖಾರವಾಗಿಯೇ ಬರುತ್ತಿತ್ತು. ಈಗ ಮೇಜಿನ ಕೆಳಗಿನ ಸಣ್ಣ ಭರಣಿ ತೆರೆದೆ. ಒಂದು ಲೋಟ ನೀರು, ಒಂದು ತುಂಡು ಬೆಲ್ಲ ಅವಳ ಮುಂದಿಟ್ಟೆ. ಅವಳು ಅದನ್ನು ನೋಡಿ, ನನ್ನನ್ನು ನೋಡಿ, ಬ್ಯಾಗು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತಳು. ಬೆಲ್ಲ ಕಚ್ಚಿ ನೀರು ಕುಡಿದಳು. "ಅಬ್ಬ, ಅಜ್ಜಿ ಮನೆಯಲ್ಲಿ ಕುಡಿದ ಹಾಗಾಯ್ತು" ಎಂದಳು. "ಇದೆಲ್ಲ ಎಲ್ಲಿ ಕಲಿತದ್ದು ನೀವು?"

"ನಮ್ಮೂರಿನ ದೇಯಕ್ಕ ಎಂಬವರ ಹತ್ತಿರ" ಎಂದೆ. "ಒಣಮೀನು ಮಾರ್ತಿದ್ದರು. ಕೂತುಕೊಳ್ಳಿ, ಹೇಳ್ತೇನೆ."

ರೇಟು ಮಾತ್ರ ಇಳಿಸಲಿಲ್ಲ. ಇಳಿಸಿದರೆ ದೇಯಕ್ಕ ನೋಡುತ್ತಾರೆ, ಒಂದು ಕಣ್ಣಿಂದ ಗಿರಾಕಿಯನ್ನು, ಇನ್ನೊಂದರಿಂದ ನನ್ನನ್ನು.